ಎಡಗಾಲು

ಭವ್ಯ ಬ್ಯಾಂಕಿನಿಂದ ಬುಕ್ಕಸಾಗರದ ಮನೆಗೆ ಬಂದಾಗ ಸೋದರತ್ತೆ ಭೀಮಮ್ಮ ಅಪ್ಪ ಹಂಪಯ್ಯನ ಎಡಗಾಲನ್ನು ತನ್ನ ಮಡಿಲಲ್ಲಿಟ್ಟುಕೊಂಡು ಬಿಸಿ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ದೊಡ್ಡ ಕರುಳಿನ ಕ್ಯಾನ್ಸರಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ಅಂದಿಗೆ ಹತ್ತೊಂಬತ್ತು ದಿನ.

“ಏನಾತತ್ತಿ ಕಾಲಿಗೆ?”

“ಮುಂಜಾನಿಂದ ಜಗ್ಗತೈತಂತ. ಮಲಗಿ ಮಲಗಿ ವಾಯು ಹಿಡದೈತಿ. ನೋಡು, ಹೆಂಗ ಬಾತೈತಿ.”

ಭವ್ಯ ನೋಡಿದಳು. ಬಲಗಾಲು ಒಣಕೋಲಿನಂತಿತ್ತು. ಎಡ ಮೀನಖಂಡ ಮಾತ್ರ ಉಬ್ಬಿ, ಚರ್ಮ ಬಿಗಿದು ಹೊಳೆಯುತ್ತಿತ್ತು, ಮುಟ್ಟಿದರೆ ಬಿಸಿ. ಇಷ್ಟು ದಿನ ಅವಳು ಕಾದದ್ದು ಹೊಟ್ಟೆಯನ್ನು. ಹೊಲಿಗೆ ಕೆಂಪಾಯಿತೇ, ಕೀವು ಬಂತೇ, ಜ್ವರ ಇದೆಯೇ ಎಂದು ಬೆಳಿಗ್ಗೆ ಸಂಜೆ ನೋಡಿದ್ದಳು. ಹೊದಿಕೆ ಸರಿಸಿ ಕಾಲನ್ನು ಒಮ್ಮೆಯೂ ನೋಡಿರಲಿಲ್ಲ.

“ಕೈ ತಗಿ, ಅತ್ತಿ.”

“ಯಾಕವ್ವ? ಹನ್ನೊಂದು ಬಾಣಂತ್ಯಾರ್ನ ಎಬ್ಬಿಸಿ ನಿಲ್ಲಿಸಿದ ಕೈ ಇವು. ನಿನ್ನ ಸೊಟ್ಟಗಾಲು ನೆಟ್ಟಗ ಮಾಡಿದ್ದೂ ಇವ.”

“ಭಾಳ ಹಾಯ್ ಅನಸ್ತೈತಿ, ಬಿಡವ್ವ,” ಎಂದ ಹಂಪಯ್ಯ, ಕಣ್ಣು ತೆರೆಯದೆ.

ಭವ್ಯ ಹುಬ್ಬಳ್ಳಿಯ ಆಸ್ಪತ್ರೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ, ಅಪ್ಪನ ಕಾಲು ಬಾತಿದೆ ಎಂದಳು. ನರ್ಸ್ ಅವಸರವಿಲ್ಲದೆ ಕೇಳಿದಳು: “ಒಂದ ಕಾಲು ಬಾತೈತೇನ್ರಿ, ಎರಡೂನಾ?”

“ಒಂದ ರೀ, ಎಡಗಾಲು. ಬಿಸಿನೂ ಐತಿ.”

“ಹೇಳಿದಂಗ ದಿನಾ ನಡಸ್ತಿದ್ರೇನ್ರಿ?”

ಭವ್ಯ ಅತ್ತೆಯ ಮುಖ ನೋಡಿದಳು. ಹಗಲೆಲ್ಲ ಅಪ್ಪನ ಜೊತೆ ಇರುತ್ತಿದ್ದವಳು ಅವಳೇ. “ಹೊಟ್ಟಿ ಕೊಯ್ದ ಮನಷಾನ್ನ ಯಾರ ನಡಸ್ತಾರ,” ಎಂದು ಭೀಮಮ್ಮ ಗೊಣಗಿದಳು. ಅವಳ ಬೆರಳುಗಳು ಇನ್ನೂ ಮೀನಖಂಡವನ್ನು ಒತ್ತುತ್ತಿದ್ದವು.

ನರ್ಸಿನ ದನಿ ಬದಲಾಯಿತು. “ಕಾಲಿನಾಗ ರಕ್ತ ಹೆಪ್ಪುಗಟ್ಟಿರಬಹುದ್ರಿ. ಈ ಆಪರೇಷನ್ ಆದವರಿಗೆ ಮನಿಗೆ ಹೋದ ಮ್ಯಾಲೂ ಅದರ ಭಯ ಇರತೈತಿ. ಈಗಿಂದೀಗ ಹತ್ತಿರದ ದೊಡ್ಡ ದವಾಖಾನಿಗೆ ಒಯ್ರಿ. ಕಾಲು ಮಾತ್ರ ಯಾರೂ ತಿಕ್ಕಬ್ಯಾಡ್ರಿ. ಹೆಪ್ಪು ಕಳಚಿ ಎದಿಗೆ ಹೋತಂದ್ರ ಉಸಿರ ನಿಲ್ಲತೈತಿ.”

ಹಂಪಯ್ಯ ಕಣ್ಣು ತೆರೆದ. ಭೀಮಮ್ಮ ನಿದ್ದೆ ಹತ್ತಿದ ಕೂಸನ್ನು ಇಳಿಸುವಂತೆ ಆ ಕಾಲನ್ನು ಚಾಪೆಯ ಮೇಲಿಟ್ಟಳು.

ಪಕ್ಕದ ಮನೆಯ ಅಂಜಿನಯ್ಯ ಕಾರು ತೆಗೆದ. ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ ಹಂಪಯ್ಯನನ್ನು ಒರಗಿಸಿದರು. ಆಸ್ಪತ್ರೆಯ ದಾರಿಯಲ್ಲಿ ಕಾರು ಮಲಪನಗುಡಿ ದಾಟಿತು. ಹಿಂದೆ ಕೂತ ಭವ್ಯ ಅಪ್ಪನ ಎದೆಯ ಏರಿಳಿತದಿಂದ ಕಣ್ಣು ತೆಗೆಯಲಿಲ್ಲ. ಪಕ್ಕದಲ್ಲಿ ಭೀಮಮ್ಮ ಎಣ್ಣೆಗೈಗಳನ್ನು ಯಾವುದಕ್ಕೂ ತಾಗಿಸದೆ ಎತ್ತಿ ಹಿಡಿದಿದ್ದಳು.

“ಭವ್ಯಾ,” ಎಂದಳು, ತಮ್ಮನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ. “ನಾನು ಅಂಗಾಲಿನಿಂದ ಮ್ಯಾಲಕ್ಕ ತಿಕ್ಕೀನವ್ವ. ಪ್ರತಿ ಸಲಾನೂ ಮ್ಯಾಲಕ್ಕ.”