ಮೂಲೆಯ ಕೋಣೆ

ಬಡಾವಣೆಯಲ್ಲಿ ಕಟ್ಟಲಿರುವ ಸಮುದಾಯ ಭವನದ ನಕ್ಷೆಯನ್ನು ವಾಸ್ತುಶಿಲ್ಪಿ ವಿನುತಾ ಸಂಘದ ಅಧ್ಯಕ್ಷರ ಮನೆಯ ಟೀಪಾಯಿ ಮೇಲೆ ಹರಡಿದಳು.

"ಮೂಲೆಯಲ್ಲಿ ಇದೇನು ಪುಟ್ಟ ಕೋಣೆ?" ಅಧ್ಯಕ್ಷ ವೃಷಭೇಂದ್ರಪ್ಪ ಕೇಳಿದರು.

"ಡೈವೋರ್ಸ್ ಆದವರು ತಮ್ಮ ಮಕ್ಕಳನ್ನ ಭೇಟಿ ಮಾಡೋಕೆ ಸರ್. ಕೋರ್ಟಿನ ವರಾಂಡದಲ್ಲೋ ಹೋಟೆಲಲ್ಲೋ ಕೂತು ಮಾತಾಡೋದು ತಪ್ಪುತ್ತೆ."

"ನಮ್ಮಲ್ಲಿ ಅಂಥವರು ಯಾರೂ ಇಲ್ಲಮ್ಮ. ಮರ್ಯಾದಸ್ಥರ ಜಾಗ ಇದು. ಪಾತ್ರೆ ಇಡೋ ಕೋಣೆ ಮಾಡಿ." ಅವರೇ ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದರು.

ವಿನುತಾ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಫೋನ್ ಬಂದು ಅವರು ಕಿಟಕಿಯ ಬಳಿ ಹೋದಾಗ, ಅವರ ಹೆಂಡತಿ ಕಾಫಿ ಲೋಟ ತೆಗೆಯಲು ಬಗ್ಗಿದರು.

"ಆ ಕೋಣೆ ಬಿಡಬೇಡಿ," ಎಂದರು ಪಿಸುದನಿಯಲ್ಲಿ.

"ಏನಂತೆ?" ಫೋನ್ ಕಿವಿಗಿಟ್ಟುಕೊಂಡೇ ಗಂಡ ತಿರುಗಿದರು.

"ಇನ್ನೊಂಚೂರು ಕಾಫಿ ಬೇಕಾ ಅಂತ ಕೇಳ್ತಿದ್ದೆ ರೀ."

ಗಂಡ ಮತ್ತೆ ಕಿಟಕಿಯತ್ತ ಮುಖ ಮಾಡುವವರೆಗೆ ಆಕೆ ಅಲುಗಲಿಲ್ಲ. ಆಮೇಲೆ ಲೋಟ ಎತ್ತಿಕೊಳ್ಳುತ್ತಾ ವಿನುತಾಳತ್ತ ಬಾಗಿದರು.

"ನಕ್ಷೇಲಿ ಹೆಸರು ಏನಾದ್ರೂ ಬರೀರಿ, ಹಿಂದಿನ ಬೀದಿಗೊಂದು ಬಾಗಿಲಿಡಿ. ನನ್ನ ಮೊದಲನೇ ಮದುವೆಯ ಮಗಳು ಆ ಬೀದೀಲೇ ಸ್ಕೂಲಿಗೆ ಹೋಗ್ತಾಳೆ."