ಬೆಳಕಿನ ಬಳೆ

ಬಾಹ್ಯಾಕಾಶದಲ್ಲಿ ಸುತ್ತುವ ರೇಡಿಯೊ ದೂರದರ್ಶಕ ಕಳಿಸಿದ ಮಾಹಿತಿಯಿಂದ ಕಪ್ಪುಕುಳಿಯ ಚಿತ್ರ ಮೂಡಿಸುವ ಕೆಲಸ ಎರಡು ತಂಡಗಳ ಪಾಲಿಗೆ ಬಂದಿತ್ತು. ಒಂದರಲ್ಲಿ ಸುಧೀಂದ್ರ, ಇನ್ನೊಂದರಲ್ಲಿ ಅವನ ಹೆಂಡತಿ ನಾಗವೇಣಿ. ಒಬ್ಬರ ಊಹೆ ಇನ್ನೊಬ್ಬರಿಗೆ ಅಂಟಬಾರದೆಂದು, ಶುಕ್ರವಾರ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಡುವವರೆಗೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಸುಧೀಂದ್ರನಿಗಂತೂ ಈ ನಿಯಮ ಮಡಿಗಿಂತ ಹೆಚ್ಚು.

ಸೋಮವಾರ ಊಟಕ್ಕೆ ಕೂತಾಗ ಅವಳೆಂದಳು, "ರೀ, ನಿಮಗೊಂದು ಚಿತ್ರ ತೋರಿಸ್ಬೇಕಿತ್ತು."

"ಶುಕ್ರವಾರದವರೆಗೆ ಚಿತ್ರದ ಮಾತೇ ಬೇಡ ಮಾರಾಯ್ತಿ!" ಅವನು ಕಿವಿ ಮುಚ್ಚಿಕೊಂಡ.

ಬುಧವಾರ ಬೆಳಿಗ್ಗೆ ಕಾಫಿಗೆ ಬಂದರೆ, ಮೇಜಿನ ಮೇಲಿದ್ದ ಕವರಿನಿಂದ ಕರಿ ಹಾಳೆಯೊಂದು ಇಣುಕುತ್ತಿತ್ತು. ಸುತ್ತಲೂ ಹೊಳೆಯುವ ಬೆಳಕಿನ ಬಳೆ, ನಡುವೆ ಕಗ್ಗತ್ತಲು. ಅವನು ಥಟ್ಟನೆ ಮುಖ ತಿರುಗಿಸಿದ. ತನ್ನ ತಂಡದ ಚಿತ್ರದಲ್ಲಿ ಬಳೆ ಒಂದೇ ಪಕ್ಕ ಹೊಳೆಯುತ್ತದಲ್ಲ! ತಪ್ಪಿದ್ದು ತಾವೇ ಏನು?

"ಇದನ್ನ ನನ್ನ ಕಣ್ಣೆದುರು ಇಡ್ತಾರಾ? ಬೀರೂಲಿ ಇಡು!"

"ಒಂದ್ನಿಮಿಷ ಕೇಳಿ ಇಲ್ಲಿ..."

"ವೇಣಿ, ಬೇಡ ಅಂದ್ನಲ್ಲ!"

ಅವಳು ಅವನ ಮುಖವನ್ನೇ ನೋಡಿದಳು. "ಆಯ್ತು. ಮೊದ್ಲು ನಿಮ್ಮ ಶುಕ್ರವಾರ ಮುಗೀಲಿ."

ಶುಕ್ರವಾರ ತೆರೆಯ ಮೇಲೆ ಎರಡೂ ಚಿತ್ರ ಬಂದವು. ಎರಡರಲ್ಲೂ ಬಳೆ ಒಂದೇ ಪಕ್ಕ ಹೊಳೆಯುತ್ತಿತ್ತು, ಚೂರೂ ವ್ಯತ್ಯಾಸವಿಲ್ಲ. ಸಭಾಂಗಣದ ತುಂಬ ಚಪ್ಪಾಳೆ. ವೇಣಿಯ ಕುರ್ಚಿ ಮಾತ್ರ ಖಾಲಿ. ಹಾಗಾದರೆ ಬುಧವಾರ ತಾನು ಕಂಡದ್ದು ಯಾವ ಬಳೆ?

ಮನೆಗೆ ಓಡಿದವನೇ ಬೀರು ತೆಗೆದು ಕವರು ಬಿಚ್ಚಿದ. ಬಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ನಾಗವೇಣಿ, ನಲವತ್ತಾರು ವರ್ಷ, ಮೆದುಳಿನ ಸ್ಕ್ಯಾನ್.