ಮಂಚದ ಮೇಲಿನ ಮೇಜು

ಮಣಿಪಾಲದ ಅಂಗಡಿಯಲ್ಲಿ ಐರಿನ್ ಬಾಯಿ ಮೂರನೆಯ ಲ್ಯಾಪ್‌ಟಾಪ್ ಮೇಜಿನ ಮೇಲೂ ಅಂಗೈ ಊರಿ ಒತ್ತಿದರು. ಅದೂ ಅಲುಗಲಿಲ್ಲ. ಅವರ ಮುಖ ಬಾಡಿತು. "ಇದು ಬೇಡ, ಭಾರ ಉಂಟು," ಎಂದರು ಸೊಸೆ ಲವೀನಾಳಿಗೆ.

ಮದುವೆಗೆ ಮೊದಲಿನಿಂದಲೂ ಮಗ ಡೆರಿಕ್ ಆಫೀಸಿನ ಕೆಲಸಕ್ಕೆ ಕೂರುತ್ತಿದ್ದದ್ದು ಶಿರ್ವದ ಮನೆಯ ಹಾಲ್‌ನಲ್ಲಿ, ಅಮ್ಮನ ಹೊಲಿಗೆ ಮೆಷಿನ್ನಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅಮ್ಮನ ಪಕ್ಕದಲ್ಲಿ. ಈ ಮಡಚುವ ಮೇಜು ಬಂದರೆ ಅವನು ಕೋಣೆಯೊಳಗೆ, ಮಂಚದ ಮೇಲೆ, ಹೆಂಡತಿಯ ಪಕ್ಕದಲ್ಲಿ. ಸೊಸೆಗೆ ಗಂಡನ ಬೆನ್ನುನೋವಿನ ಚಿಂತೆಯಂತೆ. ಆ ಬೆನ್ನನ್ನು ಹೆತ್ತವಳಿಗೆ ಇಲ್ಲದ ಚಿಂತೆ!

ನಾಲ್ಕನೆಯದು ಎಲ್ಲಕ್ಕಿಂತ ಅಗ್ಗದ್ದು. ಕೈ ಇಟ್ಟದ್ದೇ ತಡ, ಅದರ ಒಂದು ಕಾಲು ತಾನಾಗಿ ಮಡಚಿಕೊಂಡಿತು. ಐರಿನ್ ಬಾಯಿಯ ಮುಖ ಅರಳಿತು. "ಇದೇ ಚಂದ ಮಾರಾಯ್ತಿ! ಹಗುರ, ಕ್ರಯವೂ ಕಡಿಮೆ. ಸುಮ್ಮನೆ ಯಾಕೆ ದುಡ್ಡು ಹಾಳು ಮಾಡುವುದು?"

ಲವೀನಾ ಮಡಚಿದ ಕಾಲನ್ನು ನೋಡಿದಳು, ಆಮೇಲೆ ಅತ್ತೆಯ ಮುಖವನ್ನು. "ನೀವು ಹೇಳಿದ ಮೇಲೆ ಮುಗಿಯಿತು ಮಮ್ಮಿ," ಎಂದು ಅಂಗಡಿಯವನತ್ತ ತಿರುಗಿದಳು. "ಇಂಥದ್ದೇ ಎರಡು ಕೊಡಿ. ಒಂದು ಮುರಿದರೆ ಇನ್ನೊಂದು ಉಂಟಲ್ಲ."